ಎಷ್ಟು ಕೋಲಿಗೆ ನಿಲ್ಲಿಸುವುದು?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಗ್ರಾಮೀಣ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ತುಳು, ಮಲಯಾಳ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿದ್ದೇನೆ. ಕೊನೆಯ ಭಾಗ ಸಭೆ ಮುಗಿದ ಮೇಲಿನದು.)

ಸಭೆಗೆ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ವ್ಯಾಪಾರದಲ್ಲಿ ಮತ್ತು ಬದುಕಿನಲ್ಲಿ ಸ್ಪಷ್ಟ ಚಿಂತನೆ’ ಎಂದು ಅಚ್ಚಾಗಿತ್ತು. ಅದನ್ನು ಓದಿದ ನನ್ನ ಹೆಂಡತಿ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಇನ್ನೊಮ್ಮೆ ಓದಿದಳು. ಮೂವತ್ತು ವರ್ಷಗಳಿಂದ ನನ್ನ ಅಂಗಡಿಯ ಲೆಕ್ಕ ಬರೆಯುತ್ತಿರುವವಳು ಅವಳು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇವತ್ತಿನ ನನ್ನ ಮಾತಿನಲ್ಲಿ ಮುಕ್ಕಾಲು ಪಾಲು ನಾನು ಕಳೆದುಕೊಂಡ ದುಡ್ಡಿನ ಕತೆ.

ನನ್ನದು ಗೊಬ್ಬರ, ಪೈಪು, ಪಂಪುಸೆಟ್ಟು, ಮೈಲುತುತ್ತು ಮಾರುವ ಅಂಗಡಿ. ಜೊತೆಗೆ ಒಂದೂವರೆ ಎಕರೆ ಅಡಿಕೆ ತೋಟ. ಅಂಗಡಿಯಲ್ಲಿ ದಿನವೊಂದಕ್ಕೆ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಚೌಕಾಸಿ ಮಲಯಾಳದಲ್ಲಿ, ತಮಾಷೆ ತುಳುವಿನಲ್ಲಿ, ಸಾಲ ಕೊಂಕಣಿಯಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ. ಆದರೆ ಯಾವ ಭಾಷೆಯವರೇ ಬರಲಿ, ಕೇಳುವ ಪ್ರಶ್ನೆ ಒಂದೇ: ‘ಈಗ ಏನು ಮಾಡುವುದು?’ ಅಡಿಕೆ ಕೊಡುವುದೋ ಇಟ್ಟುಕೊಳ್ಳುವುದೋ, ರಬ್ಬರು ಕಡಿಯುವುದೋ ಬಿಡುವುದೋ, ಮಗನನ್ನು ದುಬಾಯಿಗೆ ಕಳಿಸುವುದೋ ಇಲ್ಲೇ ಅಂಗಡಿ ಹಾಕಿಸುವುದೋ. ‘ಯಾವಾಗ ನಿಲ್ಲಿಸುವುದು?’ ಎಂದು ಕೇಳಿದವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಸುರಂಗ ತೋಡುವವರು.

ಸುರಂಗ ಎಂದರೆ ಏನೆಂದು ಇಲ್ಲಿ ಕುಳಿತ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ ಅದು. ಒಬ್ಬ ಮನುಷ್ಯ ಸ್ವಲ್ಪ ಬಾಗಿ ನಡೆಯುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ನೀರು ತಾನಾಗಿ ಹೊರಗೆ ಹರಿದು ಬರುವಂತೆ ನೆಲಕ್ಕೆ ಸಣ್ಣ ಇಳಿಜಾರು. ಪಂಪು ಬೇಡ, ಕರೆಂಟು ಬೇಡ. ಅಳತೆ ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕದಲ್ಲೇ.

1971ರ ಬೇಸಗೆ. ಅಡಿಕೆಯನ್ನು ಕೇಳುವವರಿಲ್ಲದ ವರ್ಷ. ನನಗೆ ಹತ್ತು ವಯಸ್ಸು. ತಂದೆಯವರು ಇದ್ದ ಸ್ವಲ್ಪ ಹಣವನ್ನು ಸುರಂಗಕ್ಕೆ ಹಾಕುವುದೆಂದು ತೀರ್ಮಾನಿಸಿ ಒಬ್ಬರನ್ನು ಕರೆಸಿದರು. ಬಂದವರು ಅರ್ಧ ದಿನ ಗುಡ್ಡ ಸುತ್ತಿದರು. ಎಲ್ಲಿ ಧೂಪದ ಮರ ಇದೆ, ಎಲ್ಲಿ ಬಸರಿ, ಎಲ್ಲಿ ಉಪ್ಪಳಿಗೆ ಎಂದು ನೋಡಿದರು. ಬೇಸಗೆಯಲ್ಲೂ ಹಸುರಾಗಿರುವ ಮರದ ಬುಡದಲ್ಲಿ ಮಣ್ಣು ಕೆರೆದು ಮೂಸಿದರು. ಆಮೇಲೆ ನಮ್ಮ ಅಂಗಳದ ಕರೆಯಲ್ಲಿ ಕುಳಿತು ಬೆಲ್ಲ ಕಚ್ಚಿ ನೀರು ಕುಡಿದು ತಂದೆಯವರಲ್ಲಿ ಕೇಳಿದ್ದು: ‘ಧಣಿಗಳೇ, ಎಷ್ಟು ಕೋಲಿಗೆ ನಿಲ್ಲಿಸುವುದು?’

ತಂದೆಯವರಿಗೆ ಸಿಟ್ಟು ಬಂತು. ಶುಭಕೆಲಸಕ್ಕೆ ಹೊರಟಾಗ ನಿಲ್ಲಿಸುವ ಮಾತೇಕೆ? ನೀರು ಸಿಕ್ಕಾಗ ನಿಲ್ಲಿಸುವುದು, ಅಷ್ಟೇ ಎಂದರು. ಅದಕ್ಕೆ ಅವರು ಹೇಳಿದ ಮಾತು ಐವತ್ತು ವರ್ಷ ಕಳೆದರೂ ನನ್ನ ಕಿವಿಯಲ್ಲಿದೆ: ‘ಒಳಗೆ ಹೋದ ಮೇಲೆ ನನಗೂ ಬುದ್ಧಿ ಇರುವುದಿಲ್ಲ, ನಿಮಗೂ ಇರುವುದಿಲ್ಲ. ಈಗ ಇಬ್ಬರೂ ಬೆಳಕಿನಲ್ಲಿ ಕುಳಿತಿದ್ದೇವೆ. ಈಗಲೇ ಹೇಳಿಬಿಡಿ.’

ನಲವತ್ತು ಕೋಲು ಎಂದು ನಿಗದಿಯಾಯಿತು. ಅಷ್ಟರೊಳಗೆ ನೀರು ಕಾಣದಿದ್ದರೆ ಹಾರೆ ಕೆಳಗಿಡುವುದು, ಉಳಿದ ಹಣದಲ್ಲಿ ಗದ್ದೆಯ ಬದಿಯಲ್ಲಿ ಬಾವಿ ತೋಡಿಸುವುದು. ಅಪ್ಪ ಈ ಕತೆಯನ್ನು ಸಾಯುವವರೆಗೂ ಹೇಳುತ್ತಿದ್ದರು. ಮೂವತ್ತೆಂಟನೆಯ ಕೋಲಿನಲ್ಲಿ ಮುರಕಲ್ಲು ಮುಗಿದು ಜೇಡಿ ಮಣ್ಣು ಬಂತು, ಸರಿಯಾಗಿ ನಲವತ್ತನೆಯ ಕೋಲಿಗೆ ನೀರು ಒಸರಿತು ಎಂದು. ಆ ಸುರಂಗದ ನೀರನ್ನು ನಾವು ಇವತ್ತಿಗೂ ಕುಡಿಯುತ್ತಿದ್ದೇವೆ.

ಇಂಥ ಅಪ್ಪನ ಮಗ 2004ರಲ್ಲಿ ಕೊಳವೆ ಬಾವಿ ಕೊರೆಸಿದ.

ತೋಟ ಸ್ವಲ್ಪ ವಿಸ್ತರಿಸಿದ್ದೆ, ಸುರಂಗದ ನೀರು ಸಾಲದಾಗಿತ್ತು. ಮುನ್ನೂರು ಅಡಿ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಸಂಜೆ ಲಾರಿ ಬಂತು. ರಾತ್ರಿಯಿಡೀ ಕೊರೆತ. ಆ ಯಂತ್ರದ ಬಳಿ ನಿಂತವರಿಗೆ ಗೊತ್ತು, ಕಿವಿ ಕಿವುಡಾಗುತ್ತದೆ, ಮೈಮೇಲೆ ಬಿಳಿ ಹುಡಿ ಕೂರುತ್ತದೆ, ನೆರೆಕರೆಯವರೆಲ್ಲ ಟಾರ್ಚು ಹಿಡಿದು ಬಂದು ನಿಲ್ಲುತ್ತಾರೆ. ಮುನ್ನೂರು ಅಡಿಗೆ ಒಣ ಹುಡಿ. ಕೊರೆಯುವವನು ನನ್ನ ಕಿವಿಯ ಬಳಿ ಬಾಯಿಟ್ಟು ಕೂಗಿದ: ‘ಇನ್ನೊಂದು ಐವತ್ತು ನೋಡುವ!’ ನಾನು ತಲೆಯಾಡಿಸಿದೆ. ಮುನ್ನೂರ ಐವತ್ತಕ್ಕೆ ಅದೇ ಮಾತು. ನಾನೂರಕ್ಕೆ ಅವನು ಕೇಳಲೂ ಇಲ್ಲ, ನನ್ನ ಮುಖ ನೋಡಿ ಮುಂದುವರಿಸಿದ. ಮುಂಜಾವ ಐದು ಗಂಟೆಗೆ ಐನೂರ ಅರುವತ್ತು ಅಡಿಯಲ್ಲಿ ನಿಂತದ್ದು ನಾನು ನಿಲ್ಲಿಸಿದ್ದರಿಂದಲ್ಲ, ಅವನಲ್ಲಿದ್ದ ರಾಡು ಮುಗಿದದ್ದರಿಂದ.

ಈಗ ಯೋಚಿಸಿ. ನಾನೂರನೆಯ ಅಡಿಯಲ್ಲಿ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಏನು? ‘ಇಷ್ಟು ಹಾಕಿ ಆಯಿತಲ್ಲ, ಈಗ ಬಿಟ್ಟರೆ ಎಲ್ಲವೂ ಹಾಳು.’ ಆದರೆ ಅದುವರೆಗಿನ ಹಣ ಆಗಲೇ ಹೋಗಿತ್ತು. ನಾನು ಮುಂದುವರಿಸಿದರೂ ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಅರ್ಥಶಾಸ್ತ್ರದವರು ಅದನ್ನು ಮುಳುಗಿದ ಹಣ ಎನ್ನುತ್ತಾರೆ. ಆ ಹೊತ್ತಿಗೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇವತ್ತು ಬೆಳಿಗ್ಗೆ ಯಾರೋ ನಾನೂರು ಅಡಿ ಒಣಗಿದ ತೂತೊಂದನ್ನು ನನಗೆ ಪುಕ್ಕಟೆ ಕೊಟ್ಟು, ‘ಇದರ ಮುಂದಿನ ಐವತ್ತು ಅಡಿಗೆ ದುಡ್ಡು ಹಾಕುತ್ತೀಯಾ?’ ಎಂದು ಕೇಳಿದ್ದರೆ ಹಾಕುತ್ತಿದ್ದೆನೇ? ಖಂಡಿತ ಇಲ್ಲ. ಓಡಿಹೋಗುತ್ತಿದ್ದೆ.

ಇನ್ನೊಂದು ವಿಷಯ. ನನಗೆ ಸಲಹೆ ಕೊಟ್ಟವನಿಗೆ ಅಡಿಯ ಲೆಕ್ಕದಲ್ಲಿ ದುಡ್ಡು. ಅವನು ಕೆಟ್ಟವನೇನೂ ಅಲ್ಲ. ನೀವು ನನ್ನ ಅಂಗಡಿಗೆ ಬಂದು ‘ಪೈಪು ಎಷ್ಟು ಇಂಚಿನದು ಬೇಕಾದೀತು?’ ಎಂದು ಕೇಳಿದಾಗ ನನ್ನ ನಾಲಗೆಯೂ ಅರ್ಧ ಇಂಚು ದೊಡ್ಡದರ ಕಡೆಗೇ ವಾಲುತ್ತದೆ. ನಾನದನ್ನು ಬಲ್ಲೆ, ಹಿಡಿದು ನಿಲ್ಲಿಸಲು ನೋಡುತ್ತೇನೆ, ಎಲ್ಲ ದಿನ ಆಗುವುದಿಲ್ಲ. ನೆನಪಿಟ್ಟುಕೊಳ್ಳಿ. ಸುರಂಗದವರ ಕೂಲಿಯೂ ಕೋಲಿನ ಲೆಕ್ಕದ್ದೇ ಆಗಿತ್ತು ಎನ್ನುವುದನ್ನೂ ನೆನಪಿಟ್ಟುಕೊಳ್ಳಿ. ಹೆಚ್ಚು ತೋಡಿದಷ್ಟು ಅವರಿಗೆ ಲಾಭವಿತ್ತು. ಆದರೂ ಎಲ್ಲಿ ನಿಲ್ಲಿಸುವುದೆಂದು ಅವರಾಗಿಯೇ ಕೇಳಿದರು.

ಇನ್ನು ವೆನಿಲಾ. (ಸಭೆಯಲ್ಲಿ ನಗು.) ನಗುತ್ತಿರುವವರ ತೋಟದಲ್ಲೂ ಬಳ್ಳಿ ಇತ್ತೆಂದು ನನಗೆ ಗೊತ್ತು, ಏಕೆಂದರೆ ನೆರಳಿನ ಬಲೆ ಮಾರಿದವನು ನಾನು.

2000ದಲ್ಲಿ ಮಡಗಾಸ್ಕರಿಗೆ ಹುಡಾ ಎಂಬ ಚಂಡಮಾರುತ ಬಡಿಯಿತು. ಲೋಕಕ್ಕೆ ಅತಿ ಹೆಚ್ಚು ವೆನಿಲಾ ಬರುವುದೇ ಆ ದ್ವೀಪದಿಂದ. ಬೆಲೆ ಏರಿತು, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡು ಕಿಲೋಗೆ ಸಾವಿರಗಳಲ್ಲಿ ಮಾತಾಡುತ್ತಿತ್ತು. ರಾತ್ರಿ ತೋಟ ಕಾಯಲು ಜನ ಇಟ್ಟವರಿದ್ದರು. ಮದುವೆ ಮನೆಯಲ್ಲೂ ಅದೇ ಮಾತು. ನಾನು 2002ರಲ್ಲಿ ಬಳ್ಳಿ ನೆಟ್ಟೆ. ಎಷ್ಟು ಬಳ್ಳಿ, ಬಳ್ಳಿಗೆ ಎಷ್ಟು ಗೊಂಚಲು, ಕಿಲೋಗೆ ಎಷ್ಟು ಎಂದು ಲಕೋಟೆಯ ಬೆನ್ನಿನಲ್ಲಿ ಗುಣಿಸಿ ನೋಡಿದೆ. ಗುಣಾಕಾರದಲ್ಲಿ ಒಂದು ತಪ್ಪೂ ಇರಲಿಲ್ಲ.

ವೆನಿಲಾ ಹೂ ಬೆಳಿಗ್ಗೆ ಅರಳಿ ಅಂದೇ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವನ್ನೂ ಕೈಯಲ್ಲಿ ಹಿಡಿದು, ಹಿಡಿಸೂಡಿಯ ಕಡ್ಡಿಯಷ್ಟು ಸಣ್ಣ ಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡಿಸಬೇಕು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಎಂಬ ಹನ್ನೆರಡರ ಗುಲಾಮ ಹುಡುಗ. ಲೋಕದ ವೆನಿಲಾ ವ್ಯಾಪಾರವೆಲ್ಲ ಆ ಹುಡುಗನ ಹೆಬ್ಬೆರಳಿನ ಮೇಲೆ ನಿಂತಿತು, ಅವನು ಬಡವನಾಗಿಯೇ ಸತ್ತ. ನನ್ನ ಹೆಂಡತಿ ಆ ಕೆಲಸದಲ್ಲಿ ನನಗಿಂತ ಚುರುಕಾಗಿದ್ದಳು. ನಮ್ಮ ಬಳ್ಳಿ ಚೆನ್ನಾಗಿ ಹೂ ಬಿಟ್ಟದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಕೋಡನ್ನು ಕೇಳುವವರಿರಲಿಲ್ಲ.

ಬಳ್ಳಿ ಫಲಕ್ಕೆ ಬರಲು ಮೂರು ವರ್ಷ. ನಾನು ನೆಟ್ಟ ವರ್ಷ ನನ್ನ ಹಾಗೆಯೇ ಲಕೋಟೆಯ ಬೆನ್ನಿನಲ್ಲಿ ಗುಣಿಸಿದವರು ನಮ್ಮಲ್ಲಿ, ಕೊಡಗಿನಲ್ಲಿ, ವಯನಾಡಿನಲ್ಲಿ, ಉಗಾಂಡದಲ್ಲಿ, ಮಡಗಾಸ್ಕರಿನಲ್ಲೇ ಎಷ್ಟು ಜನವೋ. ಎಲ್ಲರ ಬಳ್ಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತದೆ. ಅತ್ತ ಬೆಲೆ ವಿಪರೀತ ಏರಿದಾಗ ಐಸ್‌ಕ್ರೀಮಿನವರು ಕೃತಕ ವೆನಿಲಿನ್‌ಗೆ ತಿರುಗಿಯಾಗಿತ್ತು. ನಾನು ಬೆಳೆಯ ಬಗ್ಗೆ ಓದಿದ್ದೆ, ರೋಗದ ಬಗ್ಗೆ ಓದಿದ್ದೆ. ಅದನ್ನು ಕೊನೆಗೆ ತಿನ್ನುವವರು ಯಾರು, ಬೆಲೆ ಏರಿದರೆ ಅವರು ಏನು ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಹೇಗೋ ಬಚಾವಾದೆ, ಬಲೆ ಮಾರಿದ ಲಾಭ ಇತ್ತು. ಆ ಐದು ವರ್ಷಗಳಲ್ಲಿ ನಿಜವಾಗಿ ದುಡ್ಡು ಮಾಡಿದವರು ಬಳ್ಳಿಯ ತುಂಡು ಮಾರಿದವರು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ನಡುವೆಯೇ ಇದೆ. ಆಗ ಹೇಳಿದೆನಲ್ಲ, 1971ರ ಸುಮಾರಿಗೆ ಅಡಿಕೆಗೆ ಬೆಲೆ ಇಲ್ಲ ಎಂದು. ಆಗ ಬೆಳೆಗಾರನಿಗೆ ಹೊಳೆಯುವ ದಾರಿ ಎರಡೇ: ಹೆಚ್ಚು ಬೆಳೆಯುವುದು, ಇಲ್ಲವೇ ಬೇರೆ ಬೆಳೆಯುವುದು. ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಅವರ ಜೊತೆಗಿದ್ದವರು ನೋಡಿದ್ದು ಬೇರೆ ಕಡೆಗೆ. ತೋಟದಲ್ಲಿ ತಪ್ಪೇನೂ ಇಲ್ಲ, ಕೊಳ್ಳುವ ಜಾಗದಲ್ಲಿ ನಮ್ಮವರು ಯಾರೂ ಇಲ್ಲ, ತೊಂದರೆ ಅಲ್ಲಿದೆ ಎಂದು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಬ್ಬರಿಗೂ ಸೇರಿದ ಸಹಕಾರಿಯಾಗಿ. ಮುಂದೆ ಕೊಕ್ಕೊ ಕೊಳ್ಳುತ್ತಿದ್ದವರು ಹಿಂದೆ ಸರಿದು ಬೆಲೆ ಕುಸಿದಾಗಲೂ ಅದೇ ನೋಟ. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಎದ್ದಿತು. ಅಡಿಕೆ ಬೆಳೆಯುವವರು ಚಾಕಲೇಟ್ ಮಾಡುವುದೇ ಎಂದು ಆಗ ನಕ್ಕವರಿದ್ದರು. ಕ್ಯಾಂಪ್ಕೊ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಹಿಂದಿನ ಬೆಂಚಿನವರು ಜಗಳಕ್ಕೆ ಬರುತ್ತಾರೆ. ಆದರೆ ಎಲ್ಲರೂ ಮರದ ಬುಡ ನೋಡುತ್ತಿದ್ದಾಗ ತಕ್ಕಡಿಯ ಕಡೆಗೆ ನೋಡಿದವರು ಅವರು.

ನೋಡುವ ಮಾತು ಬಂತು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣದ ಹೆಸರು ಫ್ರಾನ್ಸಿನ ಬೋರ್ಡೋ ಊರಿನದು. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕದ್ದು ತಿನ್ನದಿರಲೆಂದು ರೈತರು ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಬಳಿಯುತ್ತಿದ್ದರು, ಕಂಡರೆ ಅಸಹ್ಯವಾಗಲಿ ಎಂದು. 1882ರಲ್ಲಿ ಬೂಜು ರೋಗ ಬಂದು ತೋಟಗಳೆಲ್ಲ ಎಲೆ ಉದುರಿಸಿದಾಗ ರಸ್ತೆ ಬದಿಯ ಸಾಲು ಮಾತ್ರ ಹಸುರಾಗಿತ್ತು. ನೂರಾರು ಜನ ಆ ದಾರಿಯಲ್ಲಿ ನಡೆದಿದ್ದಾರೆ. ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಮಾತ್ರ ನಿಂತು ‘ಈ ಸಾಲಿಗೂ ಆ ಸಾಲಿಗೂ ಏನು ವ್ಯತ್ಯಾಸ?’ ಎಂದು ಕೇಳಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ತಂದರು.

ನನ್ನ ಅಂಗಡಿಗೆ ಪ್ರತಿ ಮೇ ತಿಂಗಳಲ್ಲಿ ಹೊಸ ಬಾಟಲಿಗಳು ಬರುತ್ತವೆ. ಇದನ್ನು ಬಿಟ್ಟರೆ ಕೊಳೆ ಬಾರದು, ಅದನ್ನು ಹಾಕಿದರೆ ನಳ್ಳಿ, ಅಂದರೆ ಎಳೆಯ ಅಡಿಕೆ, ಉದುರದು ಎಂದು. ಕೊಂಡವರು ಮುಂದಿನ ವರ್ಷ ಬಂದು ‘ಒಳ್ಳೆಯ ಮದ್ದು, ಈ ಸಲ ಕೊಳೆಯೇ ಇಲ್ಲ’ ಎನ್ನುತ್ತಾರೆ. ನಾನು ಕೇಳುತ್ತೇನೆ: ಬಿಡದ ಮರ ಎಷ್ಟು ಇತ್ತು? ಒಂದೂ ಇಲ್ಲ. ಆ ವರ್ಷ ಆಟಿ ತಿಂಗಳಲ್ಲಿ ಮಳೆಯೇ ಕಡಿಮೆ ಇದ್ದರೆ? ಅದು ಯಾರಿಗೂ ನೆನಪಿಲ್ಲ. ನಾನೀಗ ಹೊಸ ಮದ್ದು ಏನೇ ಬರಲಿ, ಒಂದು ಸಾಲಿಗೆ ಹಳೆಯದನ್ನೇ ಬಿಡಿಸಿ ಕಾಂಡಕ್ಕೆ ಸುಣ್ಣದ ಗುರುತು ಹಾಕುತ್ತೇನೆ. ಆ ಸಾಲು ನನಗೆ ಕಲಿಸಿದಷ್ಟನ್ನು ಯಾವ ಏಜೆಂಟನೂ ಕಲಿಸಿಲ್ಲ, ಮತ್ತು ಆ ಸಾಲಿನ ದೆಸೆಯಿಂದ ನನ್ನ ಅಂಗಡಿಯಲ್ಲಿ ಮೂರು ಬಗೆಯ ಬಾಟಲಿಗಳ ವ್ಯಾಪಾರ ನಿಂತಿದೆ. ಹೆಂಡತಿಗೆ ಆ ಬಗ್ಗೆ ಬೇರೆ ಅಭಿಪ್ರಾಯ ಇದೆ.

ಬೋರ್ಡೋ ತಯಾರಿಸುವವರಿಗೆ ಗೊತ್ತಿರುವ ಒಂದು ಸಣ್ಣ ಕ್ರಮ ನನಗೆ ಬಹಳ ಇಷ್ಟ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರು ನೀರು. ಬೆರೆಸಿದ ಮೇಲೆ ತಿಕ್ಕಿ ಹೊಳೆಯಿಸಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ, ಹಾಗೆಯೇ ಬಿಟ್ಟರೆ ಗೊನೆ ಸುಡುತ್ತದೆ. ಮರ ಹತ್ತುವ ಮೊದಲು ನೆಲದಲ್ಲೇ ತಪ್ಪು ಗೊತ್ತಾಗುವ ಉಪಾಯ. ನಮ್ಮ ಯೋಜನೆಗಳಿಗೆ ಇಂಥ ಕತ್ತಿಯ ಅಲಗು ಎಲ್ಲಿದೆ ಎಂದು ನಾನು ಬಹಳ ಹುಡುಕಿದ್ದೇನೆ. ಸಿಕ್ಕಿದ್ದು ತಾಳಮದ್ದಳೆಯಲ್ಲಿ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು, ನನ್ನ ಮಾತು ಎಲ್ಲಿಂದ ಹೊರಟರೂ ಅಲ್ಲಿಗೆ ಬರಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ಪ್ರತಿನಾಯಕರ ಅರ್ಥಕ್ಕೆ, ಅಂದರೆ ಆ ಪಾತ್ರಗಳ ಪರವಾಗಿ ಆಡುವ ಮಾತಿಗೆ, ಹೆಸರಾದವರು. ರಾವಣನೋ ವಾಲಿಯೋ ಅವರ ಬಾಯಲ್ಲಿ ಬಂದಾಗ, ಮನೆಯಿಂದ ರಾಮಭಕ್ತರಾಗಿ ಹೊರಟವರು ಅರ್ಧ ರಾತ್ರಿಗೆ ‘ಅವನು ಹೇಳುವುದರಲ್ಲೂ ನ್ಯಾಯ ಇದೆಯಲ್ಲ’ ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಅರ್ಥಧಾರಿಗೆ ಇವತ್ತು ಕೃಷ್ಣ, ನಾಳೆ ಕೌರವ. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದವನು ಆ ಕೂಟದಲ್ಲಿ ಉಳಿಯುವುದಿಲ್ಲ.

ನನಗೂ ನನ್ನ ತಮ್ಮನಿಗೂ ತೋಟದ ದಾರಿಯ ವಿಷಯದಲ್ಲಿ ಎರಡು ವರ್ಷ ಮಾತು ನಿಂತಿತ್ತು. ಅವನ ಜಾಗದ ಮೂಲಕ ನನ್ನ ಜೀಪು ಹೋಗಬೇಕು, ಅವನು ಬೇಲಿ ಹಾಕಿದ್ದ. ವಕೀಲರಲ್ಲಿಗೆ ಹೋಗುವ ಹಿಂದಿನ ರಾತ್ರಿ, ಯಾವ ದೇವರು ಬುದ್ಧಿ ಕೊಟ್ಟನೋ, ಒಂದು ಹಾಳೆ ತೆಗೆದು ತಮ್ಮನ ಅರ್ಥ ಬರೆಯಲು ಕುಳಿತೆ. ‘ನಾನು’ ಎಂದು ಶುರುಮಾಡಿ ಅವನಾಗಿ ಬರೆದೆ. ಮೊದಲ ನಾಲ್ಕು ಸಾಲು ಬರೀ ಬೈಗುಳ ಬಂತು, ಹರಿದೆ. ಎರಡನೆಯ ಸಲ ಬರೆದಾಗ ಐದನೆಯ ಸಾಲಿನಲ್ಲಿ ಒಂದು ಮಾತು ಬಂದು ಕೈ ನಿಂತಿತು: ‘ಅಣ್ಣನ ಜೀಪು ಮಳೆಗಾಲದಲ್ಲಿ ಹೋದರೆ ನನ್ನ ಅಂಗಳದ ಬದಿಯ ಕಟ್ಟೆ ಕುಸಿಯುತ್ತದೆ. ಎರಡು ಸಲ ನಾನೇ ಕಟ್ಟಿಸಿದ್ದೇನೆ. ಅವನು ಒಮ್ಮೆಯೂ ಕೇಳಲಿಲ್ಲ.’ ನಿಜ, ನಾನು ಕೇಳಿರಲಿಲ್ಲ. ಬೆಳಿಗ್ಗೆ ವಕೀಲರ ಬದಲು ಮುರಕಲ್ಲಿನವನಲ್ಲಿಗೆ ಹೋದೆ. ಕಟ್ಟೆ ನನ್ನ ಖರ್ಚಿನಲ್ಲಿ ಎದ್ದಿತು, ಬೇಲಿಗೆ ಗೇಟು ಬಂತು. ಪ್ರೀತಿ ಉಕ್ಕಿ ಹರಿಯಿತು ಎಂದೇನೂ ಹೇಳುವುದಿಲ್ಲ. ದಾರಿ ಸಿಕ್ಕಿತು.

ಗೇರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಯೋಜನೆಗಳಿಗೆ ಅನ್ವಯಿಸುವ ಕ್ರಮವೊಂದನ್ನು ಹೇಳುತ್ತಾರೆ. ಕೆಲಸ ಶುರುಮಾಡುವ ಮೊದಲೇ ಅದು ಸತ್ತುಹೋಗಿದೆ ಎಂದು ಭಾವಿಸಿ, ಹೇಗೆ ಸತ್ತಿತು ಎಂದು ಎಲ್ಲರೂ ಬರೆಯುವುದು. ಸಾಯುವ ಮೊದಲೇ ಮಹಜರು. 2020ರ ಮಾರ್ಚಿನಲ್ಲಿ ಕೊರೋನಾದಿಂದ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದಾಗ ನನ್ನ ಅಂಗಡಿಯ ಸಾಮಾನೆಲ್ಲ ಮಂಗಳೂರಿನಿಂದ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಕಳೆದುಕೊಂಡವರು ಇಲ್ಲಿದ್ದಾರೆ, ಆಸ್ಪತ್ರೆಗೆ ದಾಟಲಾಗದವರ ಮನೆಯವರು. ಅವರ ಮುಂದೆ ನನ್ನ ಪೈಪಿನ ಕತೆ ದೊಡ್ಡದಲ್ಲ. ಆದರೆ ರೋಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲವಾದರೂ, ಆ ಒಂದು ರಸ್ತೆ ಯಾವ ಕಾರಣಕ್ಕಾದರೂ ಒಂದು ತಿಂಗಳು ಮುಚ್ಚಿದರೆ ಎಂದು ಯೋಚಿಸಲು ಯಾರೂ ಅಡ್ಡಿ ಮಾಡಿರಲಿಲ್ಲ. ಈಗ ಕಣ್ಣೂರಿನಿಂದಲೂ ಸಾಮಾನು ತರಿಸುತ್ತೇನೆ. ಸ್ವಲ್ಪ ದುಬಾರಿ.

ಕೊನೆಯದಾಗಿ ಈ ಪುಸ್ತಕ. (ಕೈಯಲ್ಲಿದ್ದ ನೋಟುಪುಸ್ತಕ ಎತ್ತಿ ತೋರಿಸಿದೆ.) ವೆನಿಲಾ ಬಳ್ಳಿಯನ್ನು ಕಿತ್ತ ದಿನದಿಂದ ಬರೆಯುತ್ತಿದ್ದೇನೆ. ದೊಡ್ಡ ತೀರ್ಮಾನ ಏನೇ ಇರಲಿ, ತಾರೀಕು, ಏನು ಮಾಡುತ್ತಿದ್ದೇನೆ, ಏಕೆ, ಏನಾದರೆ ನಾನು ತಪ್ಪಿದೆನೆಂದು ಒಪ್ಪುತ್ತೇನೆ. ನಾಲ್ಕೇ ಸಾಲು. ಒಂದು ಪುಟ ಓದುತ್ತೇನೆ. 2012. ಆ ವರ್ಷ ಕೇರಳದಲ್ಲಿ ಗುಟ್ಕಾ ನಿಷೇಧವಾಯಿತು. ‘ಬೇರೆ ರಾಜ್ಯಗಳೂ ನಿಷೇಧಿಸುತ್ತವೆ. ಅಡಿಕೆ ಬೆಲೆ ನೆಲ ಕಚ್ಚುತ್ತದೆ. ಹಳೆ ಚಾಲಿ ಅಡಿಕೆ ಎಲ್ಲ ಕೊಟ್ಟುಬಿಡುವುದು. ಎರಡು ವರ್ಷದೊಳಗೆ ಬೆಲೆ ಏರಿದರೆ ನಾನು ತಪ್ಪು.’

ಬೇರೆ ರಾಜ್ಯಗಳು ನಿಷೇಧಿಸಿದವು, ಅದು ಸರಿಯಾಯಿತು. ಕಂಪನಿಗಳು ಪಾನ್ ಮಸಾಲೆ ಒಂದು ಪ್ಯಾಕೆಟು, ತಂಬಾಕು ಇನ್ನೊಂದು ಪ್ಯಾಕೆಟು ಮಾಡಿ ಮಾರಿದವು. 2014ರ ಹೊತ್ತಿಗೆ ಬೆಲೆ ಏರಿ ನಿಂತಿತ್ತು. ನನ್ನ ಗೋಣಿಗಳು ಆಗಲೇ ಹೋಗಿದ್ದವು. ತಮಾಷೆ ಅದಲ್ಲ. ಕೆಲವು ವರ್ಷಗಳ ನಂತರ ಅಂಗಡಿಯಲ್ಲಿ ಕುಳಿತು ಯಾರಿಗೋ ಹೇಳುತ್ತಿದ್ದೆ: ‘ಗುಟ್ಕಾ ನಿಷೇಧದಿಂದ ಬೆಲೆ ಬೀಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.’ ಸುಳ್ಳು ಹೇಳುತ್ತಿದ್ದೇನೆಂಬ ಅರಿವೇ ನನಗಿರಲಿಲ್ಲ. ಲೆಕ್ಕ ಬರೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು, ‘ಪುಸ್ತಕ ನೋಡಿ.’

ಪ್ರಶ್ನೆಗಳಿದ್ದರೆ ಕೇಳಬಹುದು.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ಗಂಡ ಶಾರ್ಜಾದಿಂದ ಕೆಲಸ ಬಿಟ್ಟು ಬರುತ್ತಿದ್ದಾರೆ, ಪೇಟೆಯಲ್ಲಿ ಬೇಕರಿ ಹಾಕಬೇಕೆಂದಿದ್ದಾರೆ, ಒಂದು ವರ್ಷದಲ್ಲಿ ಹಾಕಿದ ಹಣ ಬರುತ್ತದೆ ಎನ್ನುತ್ತಾರೆ, ಏನು ಹೇಳುತ್ತೀರಿ ಮಾವ ಎಂದು ಕೇಳಿದಳು.

ನಾನು ಡೇನಿಯಲ್ ಕಾನೆಮನ್ನರ ಕತೆ ಹೇಳಿದೆ. ಮನಶ್ಶಾಸ್ತ್ರದವರಾಗಿದ್ದು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಹಿಂದೆ ಇಸ್ರೇಲಿನಲ್ಲಿ ಶಾಲಾ ಮಕ್ಕಳಿಗೆ ಪಠ್ಯವೊಂದನ್ನು ತಯಾರಿಸುವ ತಂಡದಲ್ಲಿದ್ದರು. ಎಷ್ಟು ಕಾಲ ಬೇಕು ಎಂದು ಎಲ್ಲರೂ ಚೀಟಿಯಲ್ಲಿ ಬರೆದರು. ಹೆಚ್ಚುಕಡಿಮೆ ಎರಡು ವರ್ಷ ಎಂದು ಬಂತು. ಆಮೇಲೆ ತಂಡದಲ್ಲಿದ್ದ ಅನುಭವಿಯೊಬ್ಬರನ್ನು ಕೇಳಿದರು: ಇಂಥ ಬೇರೆ ತಂಡಗಳಿಗೆ ಎಷ್ಟು ಹಿಡಿದಿದೆ? ಅವರು ಯೋಚಿಸಿ, ಸುಮಾರು ನೂರಕ್ಕೆ ನಲವತ್ತು ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ ಏಳು ವರ್ಷಕ್ಕೆ ಕಡಿಮೆ ಹಿಡಿದದ್ದಿಲ್ಲ ಎಂದರು. ಅದೇ ಮನುಷ್ಯ ಕೆಲವು ನಿಮಿಷ ಮೊದಲು ಚೀಟಿಯಲ್ಲಿ ಎರಡು ವರ್ಷದ ಆಸುಪಾಸು ಬರೆದಿದ್ದರು! ಅವರ ಪಠ್ಯ ಮುಗಿದದ್ದು ಎಂಟು ವರ್ಷಕ್ಕೆ.

‘ನಿನ್ನ ಗಂಡನ ಬೇಕರಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ ಮಗಳೇ,’ ಎಂದೆ. ‘ಕಳೆದ ಐದು ವರ್ಷಗಳಲ್ಲಿ ಈ ಪೇಟೆಯಲ್ಲಿ ತೆರೆದ ಬೇಕರಿ ಎಷ್ಟು, ಅದರಲ್ಲಿ ಇವತ್ತು ಶಟರು ಎತ್ತುತ್ತಿರುವುದು ಎಷ್ಟು ಎಂದು ಇಬ್ಬರೂ ಒಂದು ಸಂಜೆ ನಡೆದು ಎಣಿಸಿ ಬನ್ನಿ. ಆಮೇಲೆ ಮುಂಗಡ ಕೊಡುವ ಮೊದಲು, ಎಷ್ಟು ಹಣ ಹೋದಾಗ ನಿಲ್ಲಿಸುವುದೆಂದು ಅವನ ಕೈಯಲ್ಲೇ ಬರೆಯಿಸು.’

‘ಬರೆಯುವುದಕ್ಕೆ ಒಪ್ಪದಿದ್ದರೆ?’ ಎಂದಳು. ಸಭೆ ನಕ್ಕಿತು. ನನ್ನಲ್ಲಿ ಉತ್ತರ ಇರಲಿಲ್ಲ.

ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಎಪ್ಪತ್ತೈದು ದಾಟಿದ ಒಬ್ಬರು ಬಳಿಗೆ ಬಂದರು. ನನ್ನ ತಂದೆಯ ಸುರಂಗ ತೋಡಿದವರ ತಂಗಿಯ ಮಗ. ಆಗ ಮಾವನ ಜೊತೆ ಮಣ್ಣಿನ ಬುಟ್ಟಿ ಎಳೆದವರು.

‘ಎಲ್ಲ ಸರಿಯಾಗಿ ಹೇಳಿದಿರಿ ಅಣ್ಣಾ. ಒಂದು ಮಾತ್ರ ಹೆಚ್ಚುಕಡಿಮೆ ಆಯಿತು. ನಲವತ್ತಕ್ಕೆ ನೀರು ಬರಲಿಲ್ಲ. ನಲವತ್ತಕ್ಕೆ ಬರೀ ತಂಪು ಜೇಡಿ. ಮಾವ ಅದನ್ನು ಕೈಯಲ್ಲಿ ಹಿಸುಕಿ ನೋಡಿದರು. ಧಣಿಗಳ ಹತ್ತಿರ ಹೇಳಬೇಡ 
ಎಂದರು ನನ್ನಲ್ಲಿ. ಮತ್ತೆ ಎರಡು ಕೋಲು ನಾವೇ ತೋಡಿದೆವು. ಅದಕ್ಕೆ ಕೂಲಿ ಇಲ್ಲ, ಮಾತು ನಲವತ್ತಕ್ಕೆ ಆದದ್ದಲ್ಲವೇ.’

ಅಪ್ಪ ಸಾಯುವವರೆಗೂ ಹೇಳುತ್ತಿದ್ದ ಕತೆ, ನಾನು ಐವತ್ತು ವರ್ಷ ಹೇಳಿಕೊಂಡು ಬಂದ ಕತೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಗನನ್ನು ಕರೆದುಕೊಂಡು, ಹೆಲ್ಮೆಟ್ಟಿಗೆ ಟಾರ್ಚು ಕಟ್ಟಿ, ಉದ್ದದ ಟೇಪು ಹಿಡಿದು ಸುರಂಗದೊಳಗೆ ಹೋದೆ. ಮೊಣಕಾಲಿನವರೆಗೆ ತಣ್ಣಗಿನ ನೀರು, ಮೇಲೆ ಬಾವಲಿಗಳು. ಮಗ ಬಾಯಿಯ ಬಳಿ ಸೊನ್ನೆ ಹಿಡಿದು ನಿಂತಿದ್ದ. ಕೊನೆಯ ಗೋಡೆಗೆ ಬೆನ್ನು ತಾಗಿಸಿ ಟೇಪನ್ನು ಎಳೆದು ಓದಿದೆ. ನಲವತ್ತು ಕೋಲೆಂದರೆ ನೂರು ಅಡಿ ಇರಬೇಕಿತ್ತು. ಟೇಪಿನಲ್ಲಿ ನೂರ ಐದು ಅಡಿ, ಮೂರು ಇಂಚು.